ನೀರಿನಡಿಯ ಊರಿಗೆ ಐವರ ಪಯಣ

ಮಠದ ಪ್ರಸಾದ ನಿಲಯದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದವರ ಗೆಳೆತನವು ರಕ್ತಸಂಬಂಧಕ್ಕಿಂತ ಒಂದು ಗುಲಗಂಜಿ ಹೆಚ್ಚೇ ತೂಗೀತು, ಕಡಿಮೆ ತೂಗಲಾರದು. ಅಂತಹ ಗೆಳೆತನದ ಭಾಗ್ಯ ನಮಗೆ ದೊರೆತಿದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗಳಿಂದ ಒಬ್ಬೊಬ್ಬರು, ಕೊಟ್ಟೂರಿನಿಂದ ನಾವು. ಹೀಗೆ ಐವರು ಬಾಲಕರು ಐದು ದಶಕಗಳ ಹಿಂದೆ ಒಂದೇ ಮಠದ ಛಾಯೆಯಲ್ಲಿ ಕೂಡಿ ಓದಿದೆವು. ನಾಲ್ವರು ಲೌಕಿಕ ವಿದ್ಯೆಯ ಕಡೆಗೆ ಹೊರಳಿ ಅಧ್ಯಾಪಕ, ಕೃಷಿಕ, ವರ್ತಕರಾದರು. ನಾವು ಶಾಸ್ತ್ರಾಧ್ಯಯನದಲ್ಲಿಯೇ ಉಳಿದೆವು. ಆದುದರಿಂದ ಅವರಿಗೆ ನಾವು ಇಂದಿಗೂ 'ಶಾಸ್ತ್ರಿಗಳು'. ಆ ಮಾತಿನಲ್ಲಿ ಗೌರವವೆಷ್ಟು, ಪರಿಹಾಸವೆಷ್ಟು ಎಂಬುದನ್ನು ನಾವು ಅಳೆಯಲು ಹೋಗಿಲ್ಲ.

ಅಂದು ನಮ್ಮೆಲ್ಲರದೂ ಬಳ್ಳಾರಿ ಜಿಲ್ಲೆ. 1997ರಲ್ಲಿ ಹರಪನಹಳ್ಳಿಯು ಹೊಸದಾಗಿ ರಚಿತವಾದ ದಾವಣಗೆರೆ ಜಿಲ್ಲೆಗೆ ಸೇರಿದಾಗ ಐವರಲ್ಲಿ ಒಬ್ಬರು ಪರಜಿಲ್ಲೆಯವರಾದರು. 2018ರಲ್ಲಿ ಅವರು ಮರಳಿ ಬಳ್ಳಾರಿಗೆ ಬಂದರು. 2021ರಲ್ಲಿ ವಿಜಯನಗರ ಜಿಲ್ಲೆಯ ಉದಯವಾದಾಗ ಐವರೂ ಒಟ್ಟಾಗಿ ಬಳ್ಳಾರಿಯನ್ನು ಬಿಟ್ಟೆವು. ಸರಕಾರದ ಗೆರೆಗಳು ಹೀಗೆ ಅತ್ತಿತ್ತ ಸರಿದಾಡಿದರೂ, ಮಾಘ ಬಹುಳದಲ್ಲಿ ಶ್ರೀ ಗುರು ಕೊಟ್ಟೂರೇಶ್ವರರ ರಥೋತ್ಸವಕ್ಕೆ ನಮ್ಮ ಮನೆಯಲ್ಲಿ ಐವರೂ ಕೂಡುವ ನಿಯಮ ಮಾತ್ರ ತಪ್ಪಿದ್ದಿಲ್ಲ. ದಾವಣಗೆರೆಯಿಂದಲೂ ಇತರ ಊರುಗಳಿಂದಲೂ ಪಾದಯಾತ್ರೆಯಲ್ಲಿ ಬಂದ ಭಕ್ತರು ಬೀದಿಯಲ್ಲಿ ಹರಿಯುತ್ತಿರುವಾಗ, ಒಳಮನೆಯಲ್ಲಿ ಕುಳಿತು ಹಳೆಯ ಮಾತುಗಳನ್ನು ಆಡುವುದು ನಮಗೊಂದು ಹಬ್ಬ.

2025ರ ರಥೋತ್ಸವದ ಮರುದಿನ ಹಗರಿಬೊಮ್ಮನಹಳ್ಳಿಯ ಗೆಳೆಯರು ಎಂದಿನಂತೆ ಮಾತನಾಡಲಿಲ್ಲ. ಎಲ್ಲರೂ ಹೊರಡುವ ಹೊತ್ತಿಗೆ, "ನಮ್ಮೂರಿಗೆ ಹೋಗಬೇಕಾಗಿದೆ. ಒಬ್ಬನಿಗೇ ಧೈರ್ಯ ಸಾಲದು. ನೀವು ನಾಲ್ವರೂ ಬರುವಿರಾ?" ಎಂದು ಕೇಳಿದರು. ಅವರು ಹುಟ್ಟಿ ಬೆಳೆದ ಊರು ನಮಗೆಲ್ಲ ಪರಿಚಿತವೇ. ಆದರೆ ಅವರು ಹೇಳಿದ್ದು ಆ ಊರನ್ನಲ್ಲ. ಅವರ ತಂದೆ ಹುಟ್ಟಿದ ಊರನ್ನು. ತುಂಗಭದ್ರಾ ಜಲಾಶಯದ ಅಡಿಯಲ್ಲಿರುವ ಊರನ್ನು.

ತರುಣ ವಾಚಕರಿಗಾಗಿ ಆ ಸಂಗತಿಯನ್ನು ತುಸು ವಿವರಿಸಬೇಕು. ಹೊಸಪೇಟೆಯ ಬಳಿ ತುಂಗಭದ್ರೆಗೆ ಅಣೆಕಟ್ಟನ್ನು ಕಟ್ಟುವ ಕಾರ್ಯ 1945ರಲ್ಲಿ ಆರಂಭವಾಯಿತು. ಒಂದು ದಡ ಮದ್ರಾಸು ಪ್ರಾಂತ್ಯಕ್ಕೂ ಇನ್ನೊಂದು ದಡ ಹೈದರಾಬಾದು ಸಂಸ್ಥಾನಕ್ಕೂ ಸೇರಿದ್ದ ಕಾಲವದು. 1953ರ ಹೊತ್ತಿಗೆ ನೀರು ನಿಂತಿತು. ಸುಮಾರು 90 ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯೆಂಬ ಪುರಾತನ ಊರು ಅವುಗಳಲ್ಲೊಂದು; ಅಲ್ಲಿಯ ಜನರು ಮರಿಯಮ್ಮನಹಳ್ಳಿಯಲ್ಲಿ ನೆಲೆ ಕಂಡರು. ಅದೇ 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ನಾಡೆಲ್ಲ ಸಂಭ್ರಮಿಸುತ್ತಿದ್ದ ಆ ವರ್ಷದಲ್ಲಿ ಈ ಜನರು ಮನೆಯ ತೊಲೆ, ಕಂಬ, ಬಾಗಿಲುಗಳನ್ನು ಬಿಚ್ಚಿ ಬಂಡಿಗಳಲ್ಲಿ ಹೇರಿಕೊಂಡು ಹೊಸ ನೆಲದತ್ತ ನಡೆದಿದ್ದರು. ಅವರ ತ್ಯಾಗದಿಂದ ರಾಯಚೂರು, ಕೊಪ್ಪಳ, ಬಳ್ಳಾರಿಗಳ ಗದ್ದೆಗಳಿಗೂ ಆಂಧ್ರದ ಸೀಮೆಗೂ ನೀರು ಹರಿದಿದೆ. ನಮ್ಮ ತಟ್ಟೆಯ ಅನ್ನದಲ್ಲಿ ಅವರ ಪಾಲಿದೆ ಎಂಬುದನ್ನು ಮರೆಯಲಾಗದು.

ತೊಲೆ ಬಾಗಿಲುಗಳನ್ನು ಹೇರಿಕೊಂಡು ಹೋಗಬಹುದು. ಸಮಾಧಿಯನ್ನು ಹೇರಿಕೊಂಡು ಹೋಗಲಾಗುವುದಿಲ್ಲ. ದಹನ ಮಾಡುವವರು ಅಸ್ಥಿಯನ್ನು ತಾವೇ ಹೊಳೆಗೆ ಒಪ್ಪಿಸುತ್ತಾರೆ. ನಮ್ಮಲ್ಲಾದರೋ ಲಿಂಗೈಕ್ಯರಾದವರನ್ನು ಕುಳಿತ ಭಂಗಿಯಲ್ಲಿ, ಎಡಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿ ಬಿಲ್ವಪತ್ರೆಗಳೊಡನೆ ಭೂಮಿಯ ಮಡಿಲಿಗೆ ಒಪ್ಪಿಸುವುದು ರೂಢಿ. ಆ ಊರಿನಲ್ಲಿ ಹಾಗೆ ಕುಳಿತಿದ್ದವರ ಬಳಿಗೆ ಹೊಳೆಯೇ ಬಂದಿತು. ಗೆಳೆಯರ ಅಜ್ಜನವರು ಅವರಲ್ಲೊಬ್ಬರು. ಗೆಳೆಯರ ತಂದೆಗೆ ಆಗ 22 ವರ್ಷ.

ಆ ತಂದೆಯವರ ನೆನಪು ನಮಗೆ ಸುಖದ್ದಲ್ಲ. 1986ರ ಬೇಸಿಗೆಯಲ್ಲಿ, ಅಧ್ಯಯನ ಮುಗಿಸಿ ಹೊಸದಾಗಿ ಶಾಲು ಹೊದ್ದು ಬಂದಿದ್ದ ನಾವು ಅವರ ಮನೆಗೆ ಹೋಗಿದ್ದೆವು. ಲಿಂಗಪೂಜೆ, ಪ್ರಸಾದಗಳೆಲ್ಲ ಮುಗಿದ ಬಳಿಕ ಅವರು ಕೈಮುಗಿದು, "ಅಯ್ಯನೋರೆ, ನೀರೊಳಗಿನ ಗದ್ದಿಗೆಗೆ ವಿಭೂತಿ ಹಚ್ಚೋದು ಹೆಂಗ್ರಿ?" ಎಂದು ಕೇಳಿದರು. ನಮಗೆ ಆಗ 26 ವರ್ಷ, ಕಂಠದಲ್ಲಿ ಗ್ರಂಥಗಳಿದ್ದವು. ಶರಣನಿಗೆ ಸ್ಥಾವರದ ಹಂಗಿಲ್ಲವೆಂದೂ, ಐಕ್ಯನಾದವನು ಮಣ್ಣಿನಲ್ಲಿಲ್ಲವೆಂದೂ, ಕರಸ್ಥಲದ ಲಿಂಗವನ್ನು ಬಿಟ್ಟು ಅನ್ಯ ಕ್ಷೇತ್ರವನ್ನು ಅರಸುವುದು ಅಜ್ಞಾನವೆಂದೂ ಒಂದು ತಾಸಿನ ಪರ್ಯಂತ ಉಪದೇಶ ಮಾಡಿದೆವು. ಅವರು ಎಲ್ಲವನ್ನೂ ಕೇಳಿ, "ಹೌದ್ರೀ" ಎಂದಷ್ಟೇ ಹೇಳಿ ಎದ್ದು ದನಗಳಿಗೆ ಮೇವು ಹಾಕಲು ಹೋದರು. ಸಂಶಯ ಪರಿಹಾರವಾಯಿತೆಂದು ನಾವು ತಿಳಿದೆವು. ಆ ತಿಳಿವಳಿಕೆಯಲ್ಲಿಯೇ 39 ವರ್ಷ ಕಳೆದೆವು.

ನಿಶ್ಚಯಿಸಿದ ದಿನ ಬೆಳಗಿನ ಜಾವ ಐವರೂ ಹಗರಿಬೊಮ್ಮನಹಳ್ಳಿಯಲ್ಲಿ ಸೇರಿದೆವು. ಮಾತು ಮೊದಲು ಅಂಕಸಮುದ್ರದ ಹಕ್ಕಿಗಳತ್ತ ತಿರುಗಿತು. ಆ ತಾಲ್ಲೂಕಿನ ಅಂಕಸಮುದ್ರದ ಕೆರೆ ಈಗ ಪಕ್ಷಿಗಳ ಸಂರಕ್ಷಿತ ತಾಣ. 2024ರಲ್ಲಿ ಅದಕ್ಕೆ ರಾಮ್ಸರ್ ಮನ್ನಣೆಯೂ ದೊರೆತಿದೆ. ಎಲ್ಲೆಲ್ಲಿಂದಲೋ ಬಂದು ಅದೇ ಜಾಲಿಯ ಗಿಡಗಳ ಮೇಲೆ ಗೂಡು ಕಟ್ಟುವ ಆ ಹಕ್ಕಿಗಳಿಗೆ ದಾರಿ ತೋರಿಸುವವರು ಯಾರೋ ಎಂದು ಕೂಡ್ಲಿಗಿಯವರು ಸೋಜಿಗಪಟ್ಟರು. ಹಗರಿಬೊಮ್ಮನಹಳ್ಳಿಯವರು ಮಾತ್ರ ಮಡಿಲಿನಲ್ಲಿದ್ದ ಒಂದು ಬಿಳಿಯ ಅರಿವೆಯ ಗಂಟನ್ನು ಹಿಡಿದು ಮೌನವಾಗಿದ್ದರು.

ದಡದಲ್ಲಿ ಅಂಬಿಗರು ದೊಡ್ಡದೊಂದು ಹರಿಗೋಲನ್ನು ಸಿದ್ಧಪಡಿಸಿದ್ದರು. ನಮ್ಮ ಹೊಳೆಯ ನಾವೆಯೆಂದರೆ ಇದೇ. ಬಿದಿರಿನ ಸೀಳುಗಳಿಂದ ಬುಟ್ಟಿಯಂತೆ ಹೆಣೆದು, ಹಿಂದೆ ಚರ್ಮವನ್ನು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಯೇಸ್‌ನು, ಬುಟ್ಟಿಯಂತೆ ದುಂಡಗಿರುವ ಚರ್ಮದ ದೋಣಿಗಳಲ್ಲಿ ಜನರು ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಹರಿಗೋಲಿಗೆ ಮುಂದು ಹಿಂದುಗಳಿಲ್ಲ. ಅದರಲ್ಲಿ ಅಗ್ರಪೀಠವೂ ಇಲ್ಲ, ಕಡೆಯ ಸಾಲೂ ಇಲ್ಲ. ಐವರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಾಗ ಮಠದ ಪಂಕ್ತಿಯೇ ದುಂಡಾಗಿ ಬಾಗಿದಂತಾಯಿತು. ಅಂಬಿಗರು ಎಲ್ಲರಿಗೂ ಜೀವರಕ್ಷಕ ಅಂಗಿಗಳನ್ನು ತೊಡಿಸಿದರು. ನಮ್ಮ ರುದ್ರಾಕ್ಷಿಯ ಮೇಲೆ ಆ ಕೇಸರಿ ಬಣ್ಣದ ಅಂಗಿಯನ್ನು ಕಂಡು ಹರಪನಹಳ್ಳಿಯವರು, "ಶಾಸ್ತ್ರಿಗಳಿಗೆ ಇಂದು ಪಟ್ಟಾಧಿಕಾರ" ಎಂದರು.

ನೀರಿನ ಮೇಲೆ ಹೊಳೆಯ ಮಾತೇ ಬಂದಿತು. ಹಡಗಲಿಯವರಿಗೆ ತಮ್ಮ ಊರಿನ ಮೇಲೆ ಅಭಿಮಾನ ಹೆಚ್ಚು. ಹಂಪಿಯ ದೇವರಿಗೆ ಹೂವುಗಳನ್ನು ಹೊಳೆಯ ಮೇಲೆ ನಾವೆಯಲ್ಲಿ ಕಳುಹಿಸುತ್ತಿದ್ದುದರಿಂದ ಹೂವಿನಹಡಗಲಿ ಎಂಬ ಹೆಸರಾಯಿತೆಂಬ ಐತಿಹ್ಯವನ್ನು ಅವರು ಐವತ್ತು ವರ್ಷಗಳಿಂದ ನಮಗೆ ಹೇಳುತ್ತ ಬಂದಿದ್ದಾರೆ. ಆ ಊರಿನ ಹೆಸರು ವಿಜಯನಗರಕ್ಕಿಂತ ಹಳೆಯದೆಂದು ನಾವೂ ಅಷ್ಟೇ ವರ್ಷಗಳಿಂದ ತಕರಾರು ಮಾಡುತ್ತ ಬಂದಿದ್ದೇವೆ. ಇಂದು ತಕರಾರು ಮಾಡಲು ಮನಸ್ಸಾಗಲಿಲ್ಲ. ಅವರ ತಾಲ್ಲೂಕಿನ ಕುರುವತ್ತಿಯಲ್ಲಿಯೇ 1068ರಲ್ಲಿ ಕಲ್ಯಾಣ ಚಾಲುಕ್ಯರ ಆಹವಮಲ್ಲ ಸೋಮೇಶ್ವರನು, ಗುಣವಾಗದ ವ್ಯಾಧಿಯಿಂದ ಬಳಲಿ, ತುಂಗಭದ್ರೆಯಲ್ಲಿ ದೇಹವನ್ನು ಬಿಟ್ಟನು. ಅದೇ ಹೊಳೆಯ ಆಚೆಯ ದಡದ ಚೌಡಯ್ಯದಾನಪುರವು ಅಂಬಿಗರ ಚೌಡಯ್ಯನವರ ನೆಲೆ. ಅವರ ಐಕ್ಯಮಂಟಪವೆಂದು ಜನರು ನಡೆದುಕೊಳ್ಳುವ ಮಂಟಪವೂ ಅಲ್ಲಿ ಹೊಳೆಯ ದಂಡೆಯಲ್ಲಿದೆ. ದೋಣಿ ನಡೆಸುವ ಕಾಯಕದಲ್ಲಿದ್ದು, ತಮ್ಮ ಹೆಸರನ್ನೇ ಅಂಕಿತವನ್ನಾಗಿಸಿಕೊಂಡ ಆ ನಿಷ್ಠುರ ಶರಣರ ಸ್ಮರಣೆಯಾದಾಗ, ಹುಟ್ಟು ಹಾಕುತ್ತಿದ್ದ ಅಂಬಿಗರು ಒಂದು ಕ್ಷಣ ನಿಂತು ನೀರಿಗೆ ಕೈಮುಗಿದರು.

ಆಗ ಹಗರಿಬೊಮ್ಮನಹಳ್ಳಿಯವರು ಬಾಯಿ ತೆರೆದರು. ಅವರ ತಂದೆ 1986ರ ಬಳಿಕ ಓದಿಕೊಂಡವರ ಮುಂದೆ ಆ ಊರಿನ ಹೆಸರನ್ನು ಎತ್ತಲಿಲ್ಲವಂತೆ. "ಅಯ್ಯನೋರು ತಪ್ಪು ಅಂದರು" ಎಂದು ಒಮ್ಮೆ ಹೆಂಡತಿಗೆ ಹೇಳಿದ್ದರಂತೆ. ಆದರೂ ಪ್ರತಿ ಬೇಸಿಗೆಯಲ್ಲಿ ಒಂದು ದಿನ ಯಾರಿಗೂ ಹೇಳದೆ ಬಸ್ಸು ಹತ್ತಿ ಹೋಗಿ, ದಂಡೆಯಲ್ಲಿ ಸಂಜೆಯವರೆಗೆ ನಿಂತು ಬರುತ್ತಿದ್ದರು. ಮಗನಿಗೆ ಮಾತ್ರ ನಾಲ್ಕಾರು ಬಾರಿ, "ಒಮ್ಮೆ ಹರಿಗೋಲಿನಲ್ಲಿ ಕರೆದುಕೊಂಡು ಹೋಗು" ಎಂದಿದ್ದರು. ಮಗನಿಗೆ ಮೊದಲು ನೌಕರಿಯ ತೊಡಕು, ಅನಂತರ ಮಗಳ ಮದುವೆ, ಆಮೇಲೆ ತಂದೆಯ ಮೊಣಕಾಲು ನೋವು. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಲೇ ಕಾಲ ಸರಿಯಿತು.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ತೂಬುಬಾಗಿಲುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿ ಹೋದುದು ವಾಚಕರಿಗೆ ನೆನಪಿರಬಹುದು. ನೀರು ಪೋಲಾಗುತ್ತಿದೆಯೆಂದು ಕೆಳಗಿನ ರೈತರೆಲ್ಲ ಕಂಗಾಲಾಗಿದ್ದರು. 93ರ ವಯಸ್ಸಿನ ಈ ಹಿರಿಯರು ಅದೇ ಶ್ರಾವಣದಲ್ಲಿ ಹಾಸಿಗೆ ಹಿಡಿದಿದ್ದರು. ಸುದ್ದಿ ಕಿವಿಗೆ ಬಿದ್ದಾಗ ಕಣ್ಣು ತೆರೆದು, "ಹಂಗಾದ್ರ ಊರು ಕಾಣ್ತದೇನು?" ಎಂದು ಕೇಳಿದರಂತೆ. ಒಂದು ವಾರದೊಳಗೆ ಕಬ್ಬಿಣದ ಹಲಗೆಗಳನ್ನು ಇಳಿಸಿ ನೀರನ್ನು ತಡೆದರು. ಅಷ್ಟರೊಳಗೆ ಅವರು ಲಿಂಗೈಕ್ಯರಾಗಿದ್ದರು. ನಾಡಿಗೆಲ್ಲ ಸಂಕಟದ ಸುದ್ದಿ ಅವರೊಬ್ಬರಿಗೆ ಆಸೆಯ ಸುದ್ದಿಯಾಗಿತ್ತು. ಅದನ್ನು ತಪ್ಪೆನ್ನುವ ಧೈರ್ಯ ಇಂದು ನಮಗಿಲ್ಲ.

ಅಂಬಿಗರು ಹುಟ್ಟನ್ನು ಎತ್ತಿ, "ಇಲ್ಲೇ ಊರು, ಯಜಮಾನ್ರ" ಎಂದರು. ಕಣ್ಣಿಗೆ ಕಂಡದ್ದು ನೀರು ಮಾತ್ರ. ದೂರದ ಗುಡ್ಡಗಳ ಸಾಲು ಮತ್ತು ಒಂದು ಕಾಗೆನೀರುಕೋಳಿ. ಮಂಟಪದ ತುದಿಯೋ ದೀಪಸ್ತಂಭವೋ ಕಾಣುವುದೆಂದು ನಾವು ಮನಸ್ಸಿನಲ್ಲಿ ಕಲ್ಪಿಸಿಕೊಂಡಿದ್ದೆವು, ಏನೂ ಇರಲಿಲ್ಲ. ಅಂಬಿಗರು ಉದ್ದನೆಯ ಗಳವೊಂದನ್ನು ನೀರಿಗೆ ಇಳಿಸಿದರು. ಅದು ಕಲ್ಲಿಗೆ ತಾಗುವ ಸದ್ದಿಗಾಗಿ ಐವರೂ ಉಸಿರು ಹಿಡಿದು ಕುಳಿತೆವು. ಸದ್ದಾಗಲಿಲ್ಲ. ಗಳವು ಮೆತ್ತಗೆ, ಬೆಣ್ಣೆಯಲ್ಲಿ ಕಡ್ಡಿ ಇಳಿದಂತೆ, ಕೆಸರಿನೊಳಗೆ ಇಳಿಯಿತು. ಮೊದಲು ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯವು ಈಗ ಸುಮಾರು 105 ಟಿ.ಎಂ.ಸಿ. ಮಾತ್ರ ಹಿಡಿಯುತ್ತದೆ, ಉಳಿದ ಸ್ಥಳವನ್ನು ಹೂಳು ತುಂಬಿದೆ. ಕನ್ನಡದಲ್ಲಿ ಹೂಳು ಎಂಬುದು ಕೆಸರಿಗೂ ಹೆಸರು, ಮಣ್ಣು ಮಾಡುವ ಕ್ರಿಯೆಗೂ ಹೆಸರು. ಒಮ್ಮೆ ಮಕ್ಕಳ ಕೈಯಿಂದ ಸಮಾಧಿಯಾದವರನ್ನು ಹೊಳೆಯು ಎಪ್ಪತ್ತು ವರ್ಷಗಳಿಂದ ಮತ್ತೆ ಮತ್ತೆ ಹೂಳುತ್ತ ಬಂದಿದೆ.

ಗೆಳೆಯರು ಬಿಳಿಯ ಅರಿವೆಯ ಗಂಟನ್ನು ಬಿಚ್ಚಿದರು. ಒಳಗೆ ನೆಲ್ಲಿಕಾಯಿ ಗಾತ್ರದ ಒಣಗಿದ ಮಣ್ಣಿನ ಉಂಡೆ. ತಂದೆಯವರ ಪೂಜಾಸಾಮಗ್ರಿಯ ಪೆಟ್ಟಿಗೆಯಲ್ಲಿ, ವಿಭೂತಿಯ ಗಟ್ಟಿಗಳ ಮಗ್ಗುಲಲ್ಲಿ ದೊರೆತದ್ದು. ನೀರು ತೀರ ಇಳಿದ ಯಾವುದೋ ಬರಗಾಲದ ಬೇಸಿಗೆಯಲ್ಲಿ ಅವರೊಬ್ಬರೇ ಕೆಸರಿನಲ್ಲಿ ನಡೆದು ಬಂದು ಇದನ್ನು ತೆಗೆದುಕೊಂಡು ಹೋಗಿರಬೇಕು. "ಇದನ್ನು ಇಲ್ಲಿಯೇ ಬಿಡಬೇಕೋ, ಅಪ್ಪನ ಸಮಾಧಿಗೆ ಒಯ್ಯಬೇಕೋ? ಶಾಸ್ತ್ರಿಗಳೇ, ಶಾಸ್ತ್ರ ಏನು ಹೇಳುತ್ತದೆ?" ಎಂದು ಅವರು ಕೇಳಿದರು.

39 ವರ್ಷಗಳ ಹಿಂದಿನ ಪ್ರಶ್ನೆ ಮತ್ತೆ ನಮ್ಮ ಮುಂದೆ ಬಂದಿತ್ತು. ಅದು ಅಜ್ಜನವರ ಮಣ್ಣಲ್ಲ, ಮೇಲಿಂದ ಹರಿದು ಬಂದ ಹೂಳು ಎಂದು ಹೇಳಬಹುದಾಗಿತ್ತು. ಐಕ್ಯನಾದವನು ಮಣ್ಣಿನಲ್ಲಿಲ್ಲ ಎಂಬ ಹಳೆಯ ಉತ್ತರವೂ ನಾಲಗೆಯ ತುದಿಯಲ್ಲಿಯೇ ಇತ್ತು. ಅದು ಸುಳ್ಳೂ ಅಲ್ಲ. ಆದರೆ ನಾವು ಮಾತನಾಡಲಿಲ್ಲ. ಕೂಡ್ಲಿಗಿಯವರು ಮೆಲ್ಲನೆ ಹೇಳಿದರು: "ನಮ್ಮೂರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಸ್ಮಾರಕವಿದೆ. ಚಿಕ್ಕಂದಿನಿಂದ ಅದರ ಮುಂದೆ ಹಾದು ಹೋಗುತ್ತ ಕೈಮುಗಿದವನು ನಾನು. ಒಂದು ಹಿಡಿ ಬೂದಿಯಲ್ಲಿ ಗಾಂಧೀಜಿ ಇದ್ದಾರೆಯೇ ಎಂದು ಯಾರೂ ಕೇಳುವುದಿಲ್ಲ. ಕೈಮುಗಿಯಲು ಮನುಷ್ಯನಿಗೆ ಒಂದು ಸ್ಥಳ ಬೇಕಾಗುತ್ತದೆ."

ನಾವು ಗೆಳೆಯರ ಕೈ ಹಿಡಿದು, "1986ರಲ್ಲಿ ನಿಮ್ಮ ತಂದೆಯವರಿಗೆ ಹೇಳಿದ್ದಕ್ಕೆ ಕ್ಷಮೆ ಇರಲಿ. ಈಗ ನಾವು ಹೇಳುವುದೇನೂ ಇಲ್ಲ. ಅವರು ಏನು ಬಯಸುತ್ತಿದ್ದರೆಂದು ನಿಮಗೆ ತೋರುತ್ತದೆಯೋ ಅದೇ ಶಾಸ್ತ್ರ" ಎಂದೆವು. ಅವರು ಬಹಳ ಹೊತ್ತು ನೀರನ್ನು ನೋಡುತ್ತ ಕುಳಿತರು. ಆಮೇಲೆ ಕೊರಳಿನ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಅಂಗೈಯಲ್ಲಿರಿಸಿಕೊಂಡರು. ಜಲಾಶಯದ ನೀರನ್ನೇ ಬೊಗಸೆಯಲ್ಲಿ ತುಂಬಿ ಮಜ್ಜನ ಮಾಡಿಸಿದರು. ಊರನ್ನು ಮುಳುಗಿಸಿದ ನೀರು ಲಿಂಗದ ಮೇಲಿಂದ ಇಳಿದು ಮತ್ತೆ ಆ ಊರಿನ ಮೇಲೆಯೇ ಬಿದ್ದಿತು. ವಿಭೂತಿಯನ್ನು ಧರಿಸಿ, ಪತ್ರೆಯನ್ನೇರಿಸಿದರು. ಮಣ್ಣಿನ ಉಂಡೆಯಿಂದ ಒಂದು ಚಿಟಿಕೆಯನ್ನು ಹಣೆಗೆ ಹಚ್ಚಿಕೊಂಡು, ಉಳಿದುದನ್ನು ಮೊದಲಿನಂತೆ ಗಂಟು ಕಟ್ಟಿದರು. "ಅಪ್ಪನಿಗೇ ಕೊಡುತ್ತೇನೆ" ಎಂದರು. ನಾವು ಐವರೂ ಪಂಚಾಕ್ಷರಿಯನ್ನು ಜಪಿಸಿದೆವು. ನೀರೊಳಗಿನ ಗದ್ದಿಗೆಗೆ ವಿಭೂತಿ ಹಚ್ಚುವ ಬಗೆಯನ್ನು ಶಾಸ್ತ್ರ ಕಲಿಯದ ಗೆಳೆಯರಿಂದ ನಾವು ಅಂದು ಕಲಿತೆವು.

ಹಿಂದಿರುಗುವಾಗ ಗಾಳಿ ಎದ್ದಿತು. ದಡ ಎದುರಿಗೇ ಕಾಣುತ್ತಿದ್ದರೂ ಹರಿಗೋಲು ಅಡ್ಡಡ್ಡ ಸರಿಯತೊಡಗಿತು. ಅಂಬಿಗರ ಶ್ರಮವನ್ನು ಕಂಡು ಹರಪನಹಳ್ಳಿಯವರು ಹುಟ್ಟನ್ನು ಬೇಡಿ ಪಡೆದರು. ಹರಿಗೋಲು ಬುಗುರಿಯಂತೆ ತಿರುಗಿತು. ಹಡಗಲಿಯವರು ಪಡೆದರು, ಇನ್ನೊಂದು ದಿಕ್ಕಿಗೆ ತಿರುಗಿತು. ಬೆಳಗಿನಿಂದ ನಗದಿದ್ದ ಹಗರಿಬೊಮ್ಮನಹಳ್ಳಿಯವರು ಅಲ್ಲಿ ನಕ್ಕರು. ಕೊನೆಗೆ ಅಂಬಿಗರೇ ಹುಟ್ಟನ್ನು ಹಿಡಿದು, ಹಿಂದಿನ ಕಾಲದ ಮಾತೊಂದನ್ನು ಹೇಳಿದರು. ಅವರ ಅಜ್ಜಂದಿರು ಹೊಳೆಯ ಸೆಳವಿನಲ್ಲಿ ಕೆಳಗಿನ ಊರಿಗೆ ಸಲೀಸಾಗಿ ತೇಲಿ ಹೋಗುತ್ತಿದ್ದರು. ಸೆಳವಿಗೆ ಎದುರಾಗಿ ಹರಿಗೋಲು ಬಾರದು. ಆದುದರಿಂದ ಹಿಂದಿರುಗುವಾಗ ಅದನ್ನು ಬೋರಲಾಗಿ ತಲೆಯ ಮೇಲೆ ಹೊತ್ತು ದಂಡೆಯ ದಾರಿಯಲ್ಲಿ ಮನೆಗೆ ನಡೆಯುತ್ತಿದ್ದರು. "ಹೋಗಾಗ ನಾವು ಹರಗೋಲಾಗ, ಬರಾಗ ಹರಗೋಲು ನಮ್ಮ ತಲಿಮ್ಯಾಗ, ಯಜಮಾನ್ರ" ಎಂದು ಅವರು ನಕ್ಕರು.

ಆ ಮಾತು ನಮ್ಮನ್ನು ಬಿಟ್ಟಿಲ್ಲ. ಹೆತ್ತವರು ನಮ್ಮನ್ನು ತಮ್ಮ ಮಡಿಲಿನಲ್ಲಿ ಕೂರಿಸಿಕೊಂಡು ದಾಟಿಸಿದರು. ಅವರು ಊರಿಗೆ ಮರಳಬೇಕೆಂದಾಗ ಹೊರುವ ಸರದಿ ನಮ್ಮದು. ಆಗ ನಾವು ಭಾರವಾಗುತ್ತದೆಯೆಂದು ಮುಂದಿನ ವರ್ಷಕ್ಕೆ ನೂಕುತ್ತೇವೆ, ಇಲ್ಲವೇ ತತ್ತ್ವವನ್ನು ಹೇಳಿ ಕೂರಿಸುತ್ತೇವೆ. ಸ್ಥಾವರಕ್ಕೆ ಅಳಿವುಂಟೆಂದು ಬಸವಣ್ಣನವರು ಬೋಧಿಸಿದುದು, ಕಟ್ಟಿದೆನೆಂಬ ಉಳ್ಳವರ ಅಹಂಕಾರವನ್ನು ಇಳಿಸಲೆಂದು. ಮನೆ ಕಳೆದುಕೊಂಡವನ ಬಾಯಿ ಮುಚ್ಚಿಸಲೆಂದಲ್ಲ. ಅರಿವು ಕರುಣೆಯಿಲ್ಲದೆ ನಾಲಗೆಗೆ ಬಂದರೆ ಅದೂ ಒಂದು ಬಗೆಯ ಹೂಳೇ. ಒಳಗಿನ ಮನುಷ್ಯನನ್ನು ಅದು ಕಾಣದಂತೆ ಮುಚ್ಚಿಬಿಡುತ್ತದೆ.

ಈ ಪುಟಗಳನ್ನು ಓದುವ ಮನೆಗಳಲ್ಲಿ ಇಂತಹ ಹಿರಿಯರು ಇರಬಹುದು. ಊರು ನೀರಿನಲ್ಲಿ ಮುಳುಗಿರಬೇಕೆಂದೇನೂ ಇಲ್ಲ. ಮಾರಿದ ಹೊಲ, ಬಿದ್ದ ಮನೆ, ತವರಿನ ಬಾವಿಕಟ್ಟೆ, ಯಾವುದೋ ಒಂದು ಅವರ ಮನಸ್ಸಿನಲ್ಲಿ ನಿಂತಿರುತ್ತದೆ. ಈ ಬೇಸಿಗೆಯಲ್ಲಿ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಜೊತೆಗೆ ಅವರ ಬಾಲ್ಯದ ಗೆಳೆಯರೊಬ್ಬರು ಬದುಕಿದ್ದರೆ ಅವರನ್ನೂ ಕರೆಯಿರಿ. ಅಲ್ಲಿ ಏನೂ ಕಾಣಿಸದಿದ್ದರೂ ಚಿಂತೆಯಿಲ್ಲ. ಅವರು ಪ್ರಶ್ನೆ ಕೇಳಿದರೆ ಉತ್ತರಿಸಲು ಅವಸರಪಡಬೇಡಿ.

ಆ ಸಂಜೆ ಹಗರಿಬೊಮ್ಮನಹಳ್ಳಿಯ ಹೊರವಲಯದ ರುದ್ರಭೂಮಿಯಲ್ಲಿ, ತಂದೆಯವರ ಸಮಾಧಿಯ ತಲೆಯ ಕಡೆ ಒಂದು ಚಿಕ್ಕ ಕುಣಿ ತೋಡಿ ಗೆಳೆಯರು ಆ ಮಣ್ಣನ್ನು ಇರಿಸಿದರು. ನಾಲ್ವರೂ ಒಂದೊಂದು ಹಿಡಿ ಮಣ್ಣು ಹಾಕಿದ ಬಳಿಕ ನಾವು ವಿಭೂತಿ ಹಚ್ಚಿದೆವು. ಮುಂದಿನ ಮಾಘದಲ್ಲಿ ಮತ್ತೆ ಕೊಟ್ಟೂರಿನಲ್ಲಿ ಕೂಡುವುದೆಂದು ಮಾತಾಡಿಕೊಂಡು, ಕತ್ತಲಾಗುವ ಮೊದಲೇ ಅವರವರ ಬಸ್ಸುಗಳನ್ನು ಹತ್ತಿದೆವು.